ಮಂಗಳೂರಿನಲ್ಲಿ ಸೀಮಿತ ಹಣದಲ್ಲಿ ಮನೆ ಕೊಳ್ಳುವವರಿಗೆ: ಬೆಲೆ ಇಳಿದಿರುವ ಕಾರಣವನ್ನು ಮೊದಲು ಹುಡುಕಿ

ಮಂಗಳೂರಿನಲ್ಲಿ ಸ್ವಂತ ಮನೆ ಮಾಡಬೇಕೆಂದು ಹೊರಟ ಮಧ್ಯಮ ವರ್ಗದ ಕುಟುಂಬಕ್ಕೆ ಕದ್ರಿ, ಬೆಂದೂರು, ಬಿಜೈ, ಮಣ್ಣಗುಡ್ಡ, ಲೇಡಿಹಿಲ್ ಕಡೆಯ ಹೊಸ ಫ್ಲಾಟುಗಳ ಬೆಲೆ ಕೇಳಿದೊಡನೆ ಉತ್ಸಾಹ ಅರ್ಧಕ್ಕೆ ಇಳಿಯುತ್ತದೆ. ಪಶ್ಚಿಮಕ್ಕೆ ಕಡಲು, ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಫಲ್ಗುಣಿ ಇರುವ ಏರುತಗ್ಗಿನ ನೆಲದಲ್ಲಿ ಈ ಊರು ಬೆಳೆದಿದೆ. ಅದರ ಮೇಲೆ ಗಲ್ಫ್ ಮತ್ತು ಮುಂಬಯಿಯಲ್ಲಿ ದುಡಿದವರ ಉಳಿತಾಯವೂ, ಕಾಲೇಜು–ಆಸ್ಪತ್ರೆಗಳಿಗಾಗಿ ಹೊರಗಿನಿಂದ ಬಂದು ನೆಲೆಸುವವರ ಬೇಡಿಕೆಯೂ ಸೇರಿಕೊಂಡು, ಊರಿನಲ್ಲಿ ಸಿಗುವ ಸಂಬಳಕ್ಕೂ ಊರಿನ ಮನೆಗಳ ಬೆಲೆಗೂ ಹೊಂದಿಕೆಯೇ ಇಲ್ಲದಂತಾಗಿದೆ.

ಆದರೂ ಹುಡುಕುತ್ತಾ ಹೋದರೆ ಕೈಗೆಟಕುವ ಬೆಲೆಯ ಮನೆ ನಡುನಡುವೆ ಸಿಗುತ್ತದೆ. ಅಂಥ ಮನೆ ಕಂಡಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸುತ್ತಮುತ್ತಲಿನ ಮನೆಗಳಿಗಿಂತ ಇದರ ಬೆಲೆ ಏಕೆ ಕಡಿಮೆ? ಕಾರಣವಿಲ್ಲದೆ ಯಾರೂ ಬೆಲೆ ಇಳಿಸುವುದಿಲ್ಲ. ಕಟ್ಟಡ ಹಳತು, ಲಿಫ್ಟ್ ಇಲ್ಲ, ಕಾರು ನಿಲ್ಲಿಸಲು ಜಾಗವಿಲ್ಲ, ಪೇಟೆಯಿಂದ ದೂರ ಎಂಬಂಥ ಕಾರಣಗಳಾದರೆ ಅವುಗಳೊಡನೆ ಬದುಕಬಹುದು, ಬದುಕುತ್ತಾ ಸ್ವಲ್ಪ ಸ್ವಲ್ಪವಾಗಿ ಸರಿಪಡಿಸಿಕೊಳ್ಳಲೂಬಹುದು. ನೀರಿಲ್ಲ, ಮಳೆಗಾಲದಲ್ಲಿ ಮುಳುಗುತ್ತದೆ, ದಾರಿಯ ಹಕ್ಕಿಲ್ಲ, ದಾಖಲೆಯಲ್ಲಿ ದೋಷವಿದೆ ಎಂಬ ಕಾರಣಗಳಾದರೆ ಎಷ್ಟು ಕಡಿಮೆಗೆ ಸಿಕ್ಕಿದರೂ ಅದು ದುಬಾರಿಯೇ. ಸೀಮಿತ ಹಣವಿರುವವರ ಮನೆ ಹುಡುಕಾಟವೆಂದರೆ ಬಹುಪಾಲು ಈ ಕಾರಣವನ್ನು ಪತ್ತೆಹಚ್ಚುವ ಕೆಲಸ. ಹಣವಿದ್ದವರು ತಪ್ಪು ಮನೆ ಕೊಂಡರೆ ಮಾರಿ ಇನ್ನೊಂದು ಕೊಳ್ಳುತ್ತಾರೆ. ನಮ್ಮಂಥವರಿಗೆ ಆ ಅವಕಾಶ ಮತ್ತೆ ಬರುವುದು ಕಷ್ಟ.

ಕೈಯಿಂದ ಹಾಕಬೇಕಾದ ಹಣ

ಮನೆ ನೋಡಲು ಹೊರಡುವ ಮುಂಚೆ ಬ್ಯಾಂಕಿಗೆ ಹೋಗಿ ನಿಮ್ಮ ಸಂಬಳಕ್ಕೆ ಎಷ್ಟು ಸಾಲ ಸಿಗುತ್ತದೆಂದು ಬರಹದಲ್ಲಿ ತಿಳಿದುಕೊಳ್ಳಿ. 30 ಲಕ್ಷ ರೂಪಾಯಿವರೆಗಿನ ಗೃಹಸಾಲದಲ್ಲಿ ಮನೆಯ ಮೌಲ್ಯದ ಶೇ. 90ರವರೆಗೂ, 30 ಲಕ್ಷ ಮೀರಿ 75 ಲಕ್ಷದವರೆಗಿನ ಸಾಲದಲ್ಲಿ ಶೇ. 80ರವರೆಗೂ ಕೊಡಲು ರಿಸರ್ವ್ ಬ್ಯಾಂಕಿನ ನಿಯಮ ಅವಕಾಶ ಕೊಡುತ್ತದೆ. ಇದು ಗರಿಷ್ಠ ಮಿತಿ ಮಾತ್ರ. ಹಳೆಯ ಕಟ್ಟಡಕ್ಕೆ ಬ್ಯಾಂಕಿನ ಎಂಜಿನಿಯರ್ ಹಾಕುವ ಮೌಲ್ಯ ನೀವು ಒಪ್ಪಿಕೊಂಡ ಬೆಲೆಗಿಂತ ಕಡಿಮೆಯಿರಬಹುದು. ಸಾಲದ ಮೊತ್ತ ನಿಂತಿರುವುದು ಆ ಮೌಲ್ಯದ ಮೇಲೆ, ನಿಮ್ಮ ಒಪ್ಪಂದದ ಬೆಲೆಯ ಮೇಲಲ್ಲ.

ಬಹಳ ಮಂದಿ ಲೆಕ್ಕ ತಪ್ಪುವುದು ನೋಂದಣಿಯ ಖರ್ಚಿನಲ್ಲಿ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ಶೇ. 5, ಆ ಶುಲ್ಕದ ಮೇಲೆ ಶೇ. 10 ಸೆಸ್ ಮತ್ತು ನಗರ ಪ್ರದೇಶದಲ್ಲಿ ಶೇ. 2 ಸರ್‌ಚಾರ್ಜ್ ಸೇರುತ್ತವೆ. ನೋಂದಣಿ ಶುಲ್ಕ ಮೊದಲು ಶೇ. 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಹೀಗೆ ಒಟ್ಟು ಶೇ. 7.6ರಷ್ಟಾಗುತ್ತದೆ. 30 ಲಕ್ಷದ ಹಳೆಯ ಫ್ಲಾಟಿಗೆ 2,28,000 ರೂಪಾಯಿ ಇದಕ್ಕೇ ಬೇಕು, ಮತ್ತು ಸಾಮಾನ್ಯವಾಗಿ ಇದು ಸಾಲದಲ್ಲಿ ಸೇರುವುದಿಲ್ಲ. ಬಿಲ್ಡರ್‌ನಿಂದ ಮೊದಲ ಬಾರಿಗೆ ನೋಂದಣಿಯಾಗುವ ಹೊಸ ಫ್ಲಾಟಿಗೆ ಬೆಲೆ 45 ಲಕ್ಷ ಮೀರದಿದ್ದರೆ ಮುದ್ರಾಂಕ ಶುಲ್ಕ ಶೇ. 3, 20 ಲಕ್ಷದೊಳಗಿದ್ದರೆ ಶೇ. 2. ಕೈಯಿಂದ ಕೈಗೆ ಮಾರಾಟವಾಗುವ ಹಳೆಯ ಫ್ಲಾಟಿಗೆ ಈ ರಿಯಾಯಿತಿ ಇಲ್ಲ. ಹೊಸ ಫ್ಲಾಟಿಗೆ, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಸಿಗುವ ಮುಂಚೆ ಕೊಂಡರೆ, ಜಿಎಸ್‌ಟಿ ಕಟ್ಟಬೇಕು: ಬೆಲೆ 45 ಲಕ್ಷದೊಳಗೆ ಮತ್ತು ಕಾರ್ಪೆಟ್ ಏರಿಯಾ (ಗೋಡೆಗಳ ಒಳಗಿನ ನೆಲದ ಅಳತೆ) 90 ಚದರ ಮೀಟರಿನೊಳಗೆ ಇದ್ದರೆ ಶೇ. 1, ಇಲ್ಲದಿದ್ದರೆ ಶೇ. 5. ಪ್ರಮಾಣಪತ್ರ ಸಿಕ್ಕ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ.

ಆದ್ದರಿಂದ 30 ಲಕ್ಷದ ಮನೆಗೆ ಶೇ. 90 ಸಾಲ ಸಿಕ್ಕಿತೆಂದೇ ಇಟ್ಟುಕೊಂಡರೂ ಮೂರು ಲಕ್ಷ ಕೈಯಿಂದ, ಎರಡೂಕಾಲು ಲಕ್ಷ ನೋಂದಣಿಗೆ, ಅದರ ಮೇಲೆ ವಕೀಲರ ಶುಲ್ಕ, ಬ್ರೋಕರ್ ಕಮಿಷನ್, ಬಣ್ಣ, ಪೈಪು, ವಯರಿಂಗ್ ಎಂದು ಕನಿಷ್ಠ ಆರೇಳು ಲಕ್ಷ ಸಾಲವಲ್ಲದ ಹಣ ಬೇಕು. 25 ಲಕ್ಷವನ್ನು ಶೇ. 8.5 ಬಡ್ಡಿಗೆ 20 ವರ್ಷಕ್ಕೆ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 21,700 ರೂಪಾಯಿ ಬರುತ್ತದೆ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ವಿಧಿಸುವಂತಿಲ್ಲವಾದ್ದರಿಂದ, ಬೋನಸ್ಸೋ ಚೀಟಿಯೋ ಬಂದಾಗ ಅಸಲಿಗೆ ಹಾಕುತ್ತಾ ಹೋಗುವುದು ಬುದ್ಧಿವಂತಿಕೆ. ವಾರ್ಷಿಕ ಆದಾಯ 9 ಲಕ್ಷದೊಳಗಿದ್ದು ದೇಶದಲ್ಲೆಲ್ಲೂ ಪಕ್ಕಾ ಮನೆ ಇಲ್ಲದ ಕುಟುಂಬಗಳಿಗೆ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ 2.0 ವಿಭಾಗದಲ್ಲಿ ಬಡ್ಡಿ ಸಹಾಯಧನವಿದೆ. ಮನೆಯ ಮೌಲ್ಯ 35 ಲಕ್ಷ ಮತ್ತು ಸಾಲ 25 ಲಕ್ಷ ಮೀರಬಾರದು, ಸಹಾಯಧನ ಗರಿಷ್ಠ 1.80 ಲಕ್ಷ ರೂಪಾಯಿ. ಸಾಲದ ಅರ್ಜಿ ಹಾಕುವಾಗಲೇ ಇದನ್ನು ಕೇಳಿ, ನಂತರ ನೆನಪಾದರೆ ಪ್ರಯೋಜನವಾಗದೆ ಹೋಗಬಹುದು.

ಯಾವ ದಿಕ್ಕಿಗೆ ಹೋಗಬೇಕು

ಪೇಟೆಯಿಂದ ಹೊರಗೆ ಹೋದಷ್ಟೂ ಬೆಲೆ ಇಳಿಯುತ್ತದೆಂಬುದು ಎಲ್ಲರಿಗೂ ಗೊತ್ತು. ಯಾವ ರಸ್ತೆಯಲ್ಲಿ ಹೊರಗೆ ಹೋಗುತ್ತೇವೆ ಎಂಬುದಕ್ಕೂ ಅಷ್ಟೇ ಮಹತ್ವವಿದೆ. ಕೂಳೂರು, ಸುರತ್ಕಲ್ ದಾಟಿ ಹಳೆಯಂಗಡಿ, ಮೂಲ್ಕಿಯತ್ತ ಒಂದು ದಾರಿ. ಕಾವೂರು, ಬಜ್ಪೆಯತ್ತ ಒಂದು. ಕುಲಶೇಖರ, ವಾಮಂಜೂರು, ಗುರುಪುರದತ್ತ ಇನ್ನೊಂದು. ಪಡೀಲ್, ಅಡ್ಯಾರ್, ಫರಂಗಿಪೇಟೆ, ತುಂಬೆ ದಾಟಿ ಬಿ.ಸಿ. ರೋಡಿನತ್ತ ಮತ್ತೊಂದು, ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟು, ದೇರಳಕಟ್ಟೆ, ಕೊಣಾಜೆಯತ್ತ ಕೊನೆಯದು. ದೇರಳಕಟ್ಟೆಯ ಸುತ್ತ ವೈದ್ಯಕೀಯ ಕಾಲೇಜುಗಳಿರುವುದರಿಂದ ದೂರವಾದರೂ ಬೆಲೆ ಅಷ್ಟಾಗಿ ಇಳಿಯದು. ಉಡುಪಿಯ ಕಡೆ ಮಣಿಪಾಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ತಲಾವಾರು ಬಾಡಿಗೆ ಕೊಡುವ ವಿದ್ಯಾರ್ಥಿಗಳೊಡನೆ ಒಂದು ಕುಟುಂಬ ಪೈಪೋಟಿ ಮಾಡಿ ಗೆಲ್ಲಲಾರದು.

ನನ್ನ ಅಭಿಪ್ರಾಯದಲ್ಲಿ ದಿನವೂ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವ ಕುಟುಂಬಕ್ಕೆ ಬಿ.ಸಿ. ರೋಡಿನ ದಾರಿ ಹೆಚ್ಚು ಗಮನಕ್ಕೆ ಅರ್ಹ. ಮಂಗಳೂರಿನ ಸಿಟಿ ಬಸ್ಸುಗಳು ಬಹುಪಾಲು ಖಾಸಗಿಯವರದ್ದಾದ್ದರಿಂದ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ (ಸರಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ) ಲಾಭ ಇಲ್ಲಿನ ಅನೇಕ ಬಡಾವಣೆಗಳ ಮಹಿಳೆಯರಿಗೆ ಸಿಕ್ಕಿಲ್ಲ. ಆದರೆ ಪುತ್ತೂರು, ಧರ್ಮಸ್ಥಳ, ಉಪ್ಪಿನಂಗಡಿಗೆ ಹೋಗುವ ಸರಕಾರಿ ಬಸ್ಸುಗಳು ಓಡುವ ಈ ಹೆದ್ದಾರಿಯಲ್ಲಿ ಆ ಲಾಭವಿದೆ. ಇಬ್ಬರು ಮಹಿಳೆಯರು ಕೆಲಸಕ್ಕೋ ಕಾಲೇಜಿಗೋ ಹೋಗುವ ಮನೆಯಲ್ಲಿ ತಿಂಗಳಿಗೆ ಉಳಿಯುವ ಟಿಕೆಟ್ ಹಣ ಸಾಲದ ಕಂತಿಗೆ ಸಣ್ಣ ಆಸರೆಯಾಗುತ್ತದೆ. ಬಿ.ಸಿ. ರೋಡಿನಲ್ಲೇ ಬಂಟ್ವಾಳ ರೈಲು ನಿಲ್ದಾಣವೂ ಇದೆ. ಯಾವ ದಾರಿಯಾದರೂ ಸರಿ, ಕೆಲಸದ ದಿನ ಬೆಳಿಗ್ಗೆ ಎಂಟು ಗಂಟೆಗೆ ಆ ಮನೆಯ ಗೇಟಿನಿಂದ ಹೊರಟು ಬಸ್ಸಿನಲ್ಲೇ ನಿಮ್ಮ ಕಚೇರಿಗೆ ಹೋಗಿ ನೋಡಿ. ಪಂಪ್‌ವೆಲ್, ನಂತೂರು, ಕೂಳೂರುಗಳಲ್ಲಿ ಕಾಯುವ ಹೊತ್ತು ಬ್ರೋಕರ್ ಹೇಳುವ "ಬರೀ ಹದಿನೈದು ನಿಮಿಷ"ದಲ್ಲಿ ಸೇರಿರುವುದಿಲ್ಲ.

ಒಪ್ಪಿಕೊಳ್ಳಬಹುದಾದ ಕೊರತೆಗಳು

ಊರಿನ ಒಳಗೇ ಇರಬೇಕೆಂದಾದರೆ ಇಪ್ಪತ್ತು–ಮೂವತ್ತು ವರ್ಷ ಹಳೆಯದಾದ, ಮೂರು ನಾಲ್ಕು ಮಾಳಿಗೆಯ, ಲಿಫ್ಟಿಲ್ಲದ ಕಟ್ಟಡಗಳನ್ನು ಹುಡುಕಿ. ಅತ್ತಾವರ, ಜೆಪ್ಪು, ಕಂಕನಾಡಿ, ಉರ್ವ, ಕುಲಶೇಖರದ ಒಳರಸ್ತೆಗಳಲ್ಲಿ ಇಂಥವು ಇನ್ನೂ ಇವೆ. ಈಜುಕೊಳ, ಜಿಮ್, ಜನರೇಟರ್ ಇರುವ ಹೊಸ ಕಟ್ಟಡದಲ್ಲಿ ಫ್ಲಾಟಿನ ಬೆಲೆ ಒಮ್ಮೆ ಕೊಟ್ಟು ಮುಗಿಯಿತೆಂದುಕೊಂಡರೂ ತಿಂಗಳ ಮೈಂಟೆನೆನ್ಸ್ ಎಂದೆಂದಿಗೂ ಮುಗಿಯುವುದಿಲ್ಲ. ಹಳೆಯ ಸಾದಾ ಕಟ್ಟಡದಲ್ಲಿ ಆ ಹೊರೆ ಬಹಳ ಕಡಿಮೆ. ಮನೆಯಲ್ಲಿ ವಯಸ್ಸಾದವರಿದ್ದರೆ ಮಾತ್ರ ನೆಲಮಟ್ಟದ ಅಂತಸ್ತು ಅಥವಾ ಮೊದಲ ಮಾಳಿಗೆಗಿಂತ ಮೇಲೆ ಹೋಗಬೇಡಿ.

ಕಡಲತಡಿಯ ಊರಿನಲ್ಲಿ ಹಳೆಯ ಕಾಂಕ್ರೀಟನ್ನು ಕಣ್ಣಿಟ್ಟು ನೋಡಬೇಕು. ಉಪ್ಪುಗಾಳಿ ಒಳಗಿನ ಕಬ್ಬಿಣಕ್ಕೆ ತಾಗಿದಾಗ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ಕಬ್ಬಿಣ ಸುತ್ತಲಿನ ಕಾಂಕ್ರೀಟನ್ನು ಒಡೆದು ಬೀಳಿಸುತ್ತದೆ. ಬಾಲ್ಕನಿಯ ಕೆಳಭಾಗ, ಮೆಟ್ಟಿಲಿನ ಅಡಿ, ಸ್ನಾನದ ಕೋಣೆಯ ಚಾವಣಿ, ಪಾರ್ಕಿಂಗ್ ಜಾಗದ ಕಂಬಗಳು, ಇಷ್ಟನ್ನು ಟಾರ್ಚ್ ಹಿಡಿದು ನೋಡಿ. ಕಂದುಬಣ್ಣದ ಉದ್ದುದ್ದ ಕಲೆ, ಕಂಬದ ಉದ್ದಕ್ಕೂ ಸಾಗುವ ನೆಟ್ಟಗಿನ ಬಿರುಕು, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುವ ತೇಪೆ ಇವೆಲ್ಲ ಒಳಗೆ ತುಕ್ಕು ಹಿಡಿದಿರುವುದರ ಗುರುತು. ಒಂದು ಬಾಲ್ಕನಿಯಲ್ಲಿ ಕಂಡರೆ ರಿಪೇರಿ ಖರ್ಚು ಹಿಡಿದು ಬೆಲೆ ಇಳಿಸಿ ಕೇಳಬಹುದು. ಪಾರ್ಕಿಂಗಿನ ಕಂಬಗಳಲ್ಲಿ ಸಾಲಾಗಿ ಕಂಡರೆ ಆ ಕಟ್ಟಡದಲ್ಲಿ ಫ್ಲಾಟು ಬೇಡ. ಅದು ನಿಮ್ಮೊಬ್ಬರಿಂದ ಸರಿಯಾಗುವ ತೊಂದರೆಯಲ್ಲ. ಮೇಲಿನ ಮಾಳಿಗೆಯ ಫ್ಲಾಟು ಕಡಿಮೆಗೆ ಸಿಗುವುದು ಸೋರಿಕೆ ಮತ್ತು ಬಿಸಿಲಿನ ಕಾರಣಕ್ಕೆ. ಟೆರೇಸಿನ ಮೇಲೆ ಶೀಟಿನ ಮಾಡು ಹಾಕಿಸಿದ್ದರೆ ಎರಡೂ ತೊಂದರೆ ಬಹುಮಟ್ಟಿಗೆ ನೀಗಿರುತ್ತವೆ, ಬೆಲೆ ಮಾತ್ರ ಮೇಲಿನ ಮಾಳಿಗೆಯದ್ದೇ ಇರುತ್ತದೆ.

ಹಂಚಿನ ಮನೆಯನ್ನು ಕೆಲವರು ಕಣ್ಣೆತ್ತಿಯೂ ನೋಡುವುದಿಲ್ಲ. ಗೋಡೆ ಕೆಂಪುಕಲ್ಲಿನದ್ದಾಗಿ ನೇರ ನಿಂತಿದ್ದರೆ, ಮಾಡು ಹೊತ್ತ ಮರದ ಪಕ್ಕಾಸು ರೀಪುಗಳನ್ನು ಗೆದ್ದಲು ತಿಂದಿಲ್ಲವಾದರೆ ಅದು ಇನ್ನೊಂದು ತಲೆಮಾರಿಗೆ ಬಾಳುವ ಮನೆ. ಮರದ ತುದಿ ಗೋಡೆಯ ಮೇಲೆ ಕುಳಿತಿರುವಲ್ಲಿ ಚೂಪಾದ ಮೊಳೆಯಿಂದ ಒತ್ತಿ ನೋಡಿ. ಮೊಳೆ ಸಲೀಸಾಗಿ ಒಳಗೆ ಹೋದರೆ ಮಾಡು ಪೂರ್ತಿ ಇಳಿಸಬೇಕಾದ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ.

ನೀರು, ಮಳೆ, ಗುಡ್ಡ

ಇವು ಮೂರರ ವಿಷಯದಲ್ಲಿ ರಾಜಿ ಬೇಡ. ಮಂಗಳೂರು ನಗರಕ್ಕೆ ನೀರು ಬರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಮಳೆ ತಡವಾದ ವರ್ಷಗಳಲ್ಲಿ, 2019ರಲ್ಲಿ ಆದಂತೆ, ನಗರದಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಗುತ್ತದೆ. ಆಗ ಎತ್ತರದ ಪ್ರದೇಶಗಳ ಮತ್ತು ಪೈಪ್‌ಲೈನಿನ ತುದಿಯಲ್ಲಿರುವ ಮನೆಗಳ ಪಾಡು ಎಲ್ಲರಿಗಿಂತ ಕಷ್ಟ. ಫ್ಲಾಟಾದರೆ ಅಸೋಸಿಯೇಶನ್‌ನ ಏಪ್ರಿಲ್–ಮೇ ತಿಂಗಳ ಲೆಕ್ಕಪುಸ್ತಕ ಕೇಳಿ ಟ್ಯಾಂಕರಿಗೆ ಎಷ್ಟು ಕೊಟ್ಟಿದ್ದಾರೆಂದು ನೋಡಿ. ಬಾಯಿಮಾತಿಗಿಂತ ಆ ಒಂದು ಸಾಲು ಹೆಚ್ಚು ಹೇಳುತ್ತದೆ. ಸ್ವಂತ ಬಾವಿಯ ಮನೆಯಾದರೆ ಬೇಸಿಗೆಯ ಕೊನೆಯಲ್ಲಿ ಬಾವಿಗೆ ಇಣುಕಿ ನೋಡಿ, ನೀರನ್ನು ಬಾಯಿಗೆ ಹಾಕಿ ನೋಡಿ. ನದಿ ಮತ್ತು ಅಳಿವೆಯ ಹತ್ತಿರದ ಬಾವಿಗಳಲ್ಲಿ ನವೆಂಬರ್‌ನಲ್ಲಿ ಸಿಹಿಯಿದ್ದ ನೀರು ಮೇ ತಿಂಗಳಿಗೆ ಉಪ್ಪಾಗುವುದುಂಟು.

ಮಳೆಯ ವಿಷಯದಲ್ಲಿ ನನ್ನ ಸಲಹೆ ಸರಳ: ಡಿಸೆಂಬರಿನಲ್ಲಿ ಇಷ್ಟವಾದ ಮನೆಯ ಅಡ್ವಾನ್ಸನ್ನು ಸಾಧ್ಯವಿದ್ದರೆ ಜುಲೈವರೆಗೆ ತಡೆಯಿರಿ, ಅಥವಾ ಕೊಳ್ಳಬೇಕೆಂದಿರುವ ಪ್ರದೇಶದಲ್ಲೇ ಒಂದು ಮಳೆಗಾಲ ಬಾಡಿಗೆಗಿರಿ. 2018ರ ಮೇ 29ರ ಮಳೆಗೆ ಕೊಟ್ಟಾರ ಚೌಕಿ, ಅಳಕೆ, ಪಂಪ್‌ವೆಲ್, ಜಪ್ಪಿನಮೊಗರು ಮುಂತಾದ ತಗ್ಗು ಪ್ರದೇಶಗಳು ಹೇಗಾಗಿದ್ದವೆಂಬುದನ್ನು ಊರಿನವರು ಮರೆತಿಲ್ಲ. ಗದ್ದೆಗೆ ಮಣ್ಣು ತುಂಬಿಸಿ, ತೋಡನ್ನು ಇಕ್ಕಟ್ಟು ಮಾಡಿ ಕಟ್ಟಿದ ಮನೆಗಳಿಗೆ ನೀರು ನುಗ್ಗದೆ ಇನ್ನೆಲ್ಲಿಗೆ ಹೋದೀತು? ಹೊಸದಾಗಿ ಬಣ್ಣ ಬಳಿದ ಗೋಡೆಯಲ್ಲಿ ನೀರಿನ ಗುರುತು ಕಾಣಿಸದು. ಕಾಂಪೌಂಡಿನ ಹೊರಮೈ, ಬಾಗಿಲ ಚೌಕಟ್ಟಿನ ಬುಡ, ವಿದ್ಯುತ್ ಮೀಟರನ್ನು ಎಷ್ಟು ಎತ್ತರಕ್ಕೆ ಏರಿಸಿಟ್ಟಿದ್ದಾರೆ ಎಂಬುದು ನಿಜ ಹೇಳುತ್ತವೆ.

ಗುಡ್ಡ ಕಡಿದು ಮಾಡಿದ ಜಾಗದಲ್ಲಿ ಮನೆಯ ಹಿಂದಿನ ಕಡಿದ ಮಣ್ಣನ್ನು ಗಮನಿಸಿ. ಮೇಲೆ ಗಟ್ಟಿ ಕೆಂಪುಕಲ್ಲು ಕಂಡು ಧೈರ್ಯ ಬರುತ್ತದೆ, ಆದರೆ ಅದರ ಕೆಳಗೆ ಬಿಳಿಯೋ ನಸುಗೆಂಪೋ ಬಣ್ಣದ ಶೇಡಿ ಮಣ್ಣು ಇದ್ದರೆ ಅದು ಒಣಗಿದಾಗ ಗಟ್ಟಿಯಾಗಿದ್ದು, ನೀರು ಕುಡಿದಾಗ ಬಲ ಕಳೆದುಕೊಂಡು ಜಾರುತ್ತದೆ. ನೀರು ಹೊರಹೋಗಲು ತೂತುಗಳಿಲ್ಲದ ಎತ್ತರದ ತಡೆಗೋಡೆ ಅಂಥ ಕಡೆ ರಕ್ಷಣೆಯಾಗುವ ಬದಲು ಮನೆಯ ಮೇಲೆ ಬೀಳುವ ಭಾರವಾಗುತ್ತದೆ.

ದಾಖಲೆ

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಭೂದಾಖಲೆಗೆ ತನ್ನದೇ ಆದ ಇತಿಹಾಸವಿದೆ. ಬೆಂಗಳೂರಿನಲ್ಲಿರುವ ನೆಂಟರು ಹೇಳಿದ ಪಟ್ಟಿ ಹಿಡಿದು ಇಲ್ಲಿ ಜಾಗ ಕೊಂಡರೆ ಸಾಲದು.

ಮೊದಲನೆಯದಾಗಿ ಹಕ್ಕು ಯಾವ ಬಗೆಯದ್ದೆಂದು ನೋಡಿ. ಜಾಗ ವರ್ಗದ್ದೋ (ಪೂರ್ಣ ಒಡೆತನದ ಪಟ್ಟಾ ಜಾಗ), ಮೂಲಗೇಣಿಯದ್ದೋ (ಶಾಶ್ವತ ಗೇಣಿಗೆ ಕೊಟ್ಟದ್ದು), ಭೂನ್ಯಾಯ ಮಂಡಳಿಯಲ್ಲಿ ಗೇಣಿದಾರರಿಗೆ ಡಿಕ್ಲರೇಶನ್ ಆಗಿ ಬಂದದ್ದೋ, ಅರ್ಜಿಯ ಮೇಲೆ ಸರಕಾರ ದರ್ಖಾಸ್ತಿನಲ್ಲಿ ಕೊಟ್ಟದ್ದೋ? ಮಂಗಳೂರು ಪೇಟೆಯೊಳಗೇ ಮೂಲಗೇಣಿಯ ಜಾಗಗಳು ಬಹಳಷ್ಟಿವೆ. ಮೂಲಗೇಣಿ, ಒಳಮೂಲಗೇಣಿ ಒಕ್ಕಲುಗಳಿಗೆ ಒಡೆತನ ಕೊಡಲು 2011ರ ಕಾಯ್ದೆಯೊಂದಿದೆ. ಅದರಂತೆ ಈ ಜಾಗಕ್ಕೆ ಆದೇಶವಾಗಿದೆಯೇ ಎಂಬುದನ್ನು ಕಾಗದದಲ್ಲಿ ತೋರಿಸಲು ಹೇಳಿ. ಸರಕಾರ ಮಂಜೂರು ಮಾಡಿದ ಜಾಗವಾದರೆ ಮಂಜೂರಾತಿ ಪತ್ರದಲ್ಲಿ ಪರಭಾರೆ (ಮಾರಾಟ ಮುಂತಾದ ವರ್ಗಾವಣೆ) ನಿಷೇಧದ ಅವಧಿ ಇರುತ್ತದೆ. ಸರಕಾರಿ ಜಾಗದಲ್ಲಿ ಕಟ್ಟಿ, ಭೂಕಂದಾಯ ಕಾಯ್ದೆಯ 94ಸಿ, 94ಸಿಸಿಯಲ್ಲಿ ಸಕ್ರಮವಾದ ಮನೆಗಳ ಹಕ್ಕುಪತ್ರದ ಷರತ್ತುಗಳನ್ನೂ ಓದಿಯೇ ಮುಂದುವರಿಯಿರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರಕಾರದ ಪೂರ್ವಾನುಮತಿಯಿಲ್ಲದೆ ಕೊಳ್ಳುವುದನ್ನು 1978ರ ಪಿಟಿಸಿಎಲ್ ಕಾಯ್ದೆ ನಿಷೇಧಿಸುತ್ತದೆ. ಅವರ ಹಕ್ಕನ್ನು ಉಳಿಸಲೆಂದೇ ಇರುವ ಕಾಯ್ದೆಯಿದು. ಇದನ್ನು ತಪ್ಪಿಸಿಕೊಂಡು ಹೋಗುವ ಅಡ್ಡದಾರಿ ಯಾರೇ ತೋರಿಸಿದರೂ ಹಿಂದೆ ಸರಿಯಿರಿ.

ಕುಮ್ಕಿಯ ಮಾತು ಬೇರೆ. "ಎಂಟು ಸೆಂಟ್ಸ್ ಜಾಗ, ಹಿಂದೆ ಐದು ಸೆಂಟ್ಸ್ ಕುಮ್ಕಿಯೂ ಸಿಗುತ್ತದೆ" ಎಂದು ಹೇಳಿ ಬೆಲೆ ಏರಿಸುವವರಿದ್ದಾರೆ. ಕುಮ್ಕಿ ಸರಕಾರದ ಭೂಮಿ. ಸೊಪ್ಪು, ಸೌದೆ ಮುಂತಾದ ಅನುಕೂಲಕ್ಕೆ ಪಕ್ಕದ ವರ್ಗದಾರನಿಗೆ ಇರುವ ಸವಲತ್ತನ್ನು ಮಾರಲು ಬರುವುದಿಲ್ಲ. ಒಂದು ಸೆಂಟ್ ಎಂದರೆ 435.6 ಚದರ ಅಡಿ. ನಿಮ್ಮ ಹಣವನ್ನು ಪಹಣಿ ದಾಖಲೆಯಾದ ಆರ್‌ಟಿಸಿಯಲ್ಲಿರುವ ಸೆಂಟ್ಸಿಗೆ ಮಾತ್ರ ಲೆಕ್ಕ ಹಾಕಿ, ಸರ್ವೇಯರನ್ನು ಕರೆಸಿ ಅಳತೆ ಮಾಡಿಸಿ. ಆರ್‌ಟಿಸಿಯ 9ನೇ ಕಾಲಂನಲ್ಲಿ ಹೆಸರು ನೋಡಿದಷ್ಟೇ ಎಚ್ಚರದಿಂದ 11ನೇ ಕಾಲಂನಲ್ಲಿ ಸಾಲ ನೋಡಿ. ನಮ್ಮ ಜಿಲ್ಲೆಯಲ್ಲಿ ಸಹಕಾರಿ ಸಂಘಗಳಿಂದ ಸಾಲ ಪಡೆಯದ ಕೃಷಿಕ ಕುಟುಂಬ ಅಪರೂಪ, ಅದರ ಗುರುತು ಅಲ್ಲಿ ಸಿಗಬಹುದು. ಋಣಭಾರ ಪ್ರಮಾಣಪತ್ರವನ್ನು, ಅಂದರೆ ಇ.ಸಿ.ಯನ್ನು, ಕನಿಷ್ಠ ಮೂವತ್ತು ವರ್ಷಕ್ಕೆ ತೆಗೆಸಿ; ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ನಂತರದ್ದು ಸುಲಭವಾಗಿ ಸಿಗುತ್ತದೆ, ಹಿಂದಿನದ್ದಕ್ಕೆ ಉಪನೋಂದಣಿ ಕಚೇರಿಗೆ ಹೋಗಬೇಕು.

ಎರಡನೆಯದು ಕುಟುಂಬದ ಹಕ್ಕು. ತಾಯಿಯ ಕಡೆಯಿಂದ ಆಸ್ತಿ ಇಳಿದುಬರುವ ಅಳಿಯಸಂತಾನ ಕಟ್ಟಿನ ಕುಟುಂಬಗಳಲ್ಲಿ ಹಿಂದಿನ ಪಾಲುಪಟ್ಟಿ ಆದದ್ದು ಕವರುಗಳ, ಅಂದರೆ ಒಬ್ಬೊಬ್ಬ ಹೆಣ್ಣಿನ ಸಂತತಿಯ ಶಾಖೆಗಳ, ಲೆಕ್ಕದಲ್ಲಿ. ಸಹೋದರಿಯರ ಮಕ್ಕಳಿಗೆ ಬಂದ ಪಾಲು ಎಲ್ಲಿಗೆ ಹೋಯಿತೆಂಬುದನ್ನು ವಂಶವೃಕ್ಷ ಬರೆಸಿ ಪರಿಶೀಲಿಸದೆ ಹಣ ಕೊಡಬಾರದು. ಯಾವ ಸಮುದಾಯದವರೇ ಆಗಲಿ, ಹಿರಿಯರು ತೀರಿಹೋಗಿ ಮಕ್ಕಳು ಮುಂಬಯಿ, ದುಬಾಯಿ, ಮಸ್ಕತ್ ಎಂದು ಚದುರಿರುವ ಮನೆಗಳಲ್ಲಿ ಒಬ್ಬರ ಸಹಿ ಬಾಕಿಯಿರುವುದೇ ಬೆಲೆ ಕಡಿಮೆಯಾಗಲು ಕಾರಣವಾಗಿರುತ್ತದೆ. "ತಂಗಿಯ ಸಹಿ ಆಮೇಲೆ ಹಾಕಿಸುತ್ತೇವೆ" ಎಂಬ ಭರವಸೆಗೆ ಅಡ್ವಾನ್ಸ್ ಕೊಡಬೇಡಿ. ವಿದೇಶದಲ್ಲಿರುವವರು ತಮ್ಮ ಪರವಾಗಿ ಸಹಿ ಹಾಕುವ ಅಧಿಕಾರ ಕೊಡುವ ಮುಖ್ತ್ಯಾರ್‌ನಾಮೆ ಕಳುಹಿಸಿದ್ದರೆ ಅದು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಣವಾಗಿರಬೇಕು, ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಿರಬೇಕು, ಮತ್ತು ಕೊಟ್ಟವರು ಇಂದಿಗೂ ಬದುಕಿರಬೇಕು. ಮುಖ್ತ್ಯಾರ್‌ನಾಮೆಯ ಮೇಲೆಯೇ ಮನೆ ಕೈಬದಲಾಯಿಸಿದರೆ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ. ನೋಂದಾಯಿತ ಕ್ರಯಪತ್ರ ಆಗಲೇಬೇಕು.

ಇದಕ್ಕೆ ಹೊಂದಿಕೊಂಡ ಇನ್ನೊಂದು ವಿಷಯವನ್ನು ಇಲ್ಲಿ ಬಹಳ ಮಂದಿ ಕಡೆಗಣಿಸುತ್ತಾರೆ. ಊರಿನಲ್ಲೇ ಇರುವವರಿಂದ ಕೊಳ್ಳುವಾಗ ಬೆಲೆ 50 ಲಕ್ಷ ತಲುಪಿದರೆ ಶೇ. 1 ಆದಾಯ ತೆರಿಗೆ ಮುರಿದುಕೊಂಡು ಕಟ್ಟಬೇಕು, ಅದಕ್ಕಿಂತ ಕಡಿಮೆಯಿದ್ದರೆ ಬೇಕಿಲ್ಲ. ಮಾರುವವರು ಅನಿವಾಸಿ ಭಾರತೀಯರಾದರೆ ಆ ಮಿತಿ ಇಲ್ಲ. ಇಪ್ಪತ್ತು ಲಕ್ಷದ ಮನೆಗೂ ತೆರಿಗೆ ಮುರಿಯುವ ಹೊಣೆ ಕೊಳ್ಳುವವರದ್ದು, ದರವೂ ಬಹಳ ಹೆಚ್ಚು. ಮುರಿಯದಿದ್ದರೆ ಇಲಾಖೆ ಬರುವುದು ನಿಮ್ಮ ಬಾಗಿಲಿಗೆ. ಕಡಿಮೆ ದರದ ಪ್ರಮಾಣಪತ್ರ ಪಡೆಯಲು ಮಾರುವವರಿಗೆ ಅವಕಾಶವಿದೆ, ಅದನ್ನು ಒಪ್ಪಂದದಲ್ಲೇ ಬರೆಸಿ.

ನಾಗಬನ ಅಥವಾ ದೈವದ ಸ್ಥಾನ ಇರುವ ಜಾಗಗಳು ಕೆಲವೊಮ್ಮೆ ಕಡಿಮೆಗೆ ಬರುತ್ತವೆ. ಇದನ್ನು ದೋಷವೆಂದು ನಾನು ಎಣಿಸುವುದಿಲ್ಲ. ಆದರೆ ತಂಬಿಲಕ್ಕೆ, ಅಂದರೆ ಅಲ್ಲಿನ ಪೂಜೆಗೆ, ಬರುವ ಕುಟುಂಬದವರ ದಾರಿ ಯಾವುದು, ಬನದ ಸುತ್ತ ಎಷ್ಟು ಜಾಗ ಬಿಡಬೇಕು, ವರ್ಷಂಪ್ರತಿ ಸೇವೆ ನಡೆಸುವವರು ಯಾರು ಎಂಬುದು ಕ್ರಯಪತ್ರದಲ್ಲಿ ಸ್ಪಷ್ಟವಾಗಿದ್ದರೆ ಮುಂದೆ ಎರಡೂ ಕಡೆಯವರಿಗೆ ಮನಸ್ತಾಪವಿರುವುದಿಲ್ಲ.

ದಾರಿಯ ಹಕ್ಕೂ ಹೀಗೆಯೇ. ನಮ್ಮಲ್ಲಿ ಮನೆಗಳು ತೋಟ, ಗುಡ್ಡೆಗಳ ನಡುವೆ ಬಿಡಿಬಿಡಿಯಾಗಿರುವುದರಿಂದ ಎಷ್ಟೋ ಮನೆಗಳಿಗೆ ಇನ್ನೊಬ್ಬರ ಜಾಗದ ಮೂಲಕವೇ ಹೋಗಬೇಕು. ಇಂದು ರಿಕ್ಷಾ ಹೋಗುತ್ತಿದೆ ಎಂಬುದು ಹಕ್ಕಿಗೆ ಸಾಕ್ಷಿಯಲ್ಲ. ದಾರಿಯ ಅಗಲ ಎಷ್ಟು, ವಾಹನ ಕೊಂಡೊಯ್ಯುವ ಹಕ್ಕಿದೆಯೇ, ಯಾವ ಸರ್ವೆ ನಂಬರಿನ ಮೂಲಕ ಎಂಬುದು ದಾಖಲೆಯಲ್ಲಿರಬೇಕು. ಮುಂದೆ ಮನೆ ಕಟ್ಟಲು ಪರವಾನಿಗೆ ಕೇಳಿದಾಗಲೂ ರಸ್ತೆಯ ಅಗಲವೇ ಮೊದಲು ಬರುವ ಪ್ರಶ್ನೆ.

ಗ್ರಾಮ ಪಂಚಾಯತ್ ವ್ಯಾಪ್ತಿಯ ಮನೆಗೆ ಭೂಪರಿವರ್ತನೆಯ ಆದೇಶ, ಏಕನಿವೇಶನ (ಒಂದೇ ನಿವೇಶನದ) ವಿನ್ಯಾಸದ ಅನುಮೋದನೆ, ಪಂಚಾಯತ್ ಆಸ್ತಿ ದಾಖಲೆಯಾದ ಇ-ಸ್ವತ್ತಿನ 9 ಮತ್ತು 11ಎ ನಮೂನೆ ಬೇಕು. 11ಬಿ ಎಂದಿದ್ದರೆ ಅದು ಕ್ರಮಬದ್ಧವಲ್ಲದ ಆಸ್ತಿಯ ನಮೂನೆ. ಅದಕ್ಕೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ, ಬೆಲೆ ಇಳಿದಿರುವುದು ಅದೇ ಕಾರಣಕ್ಕೆ. ನಗರ ವ್ಯಾಪ್ತಿಯಲ್ಲಿ ಇ-ಖಾತೆ ಇಲ್ಲದೆ ಈಗ ನೋಂದಣಿ ನಡೆಯುವುದಿಲ್ಲ. ಫ್ಲಾಟಾದರೆ ಕಾಯಂ ಡೋರ್ ನಂಬರ್ ಇದೆಯೇ, ತಾತ್ಕಾಲಿಕವೇ ಎಂದು ಕೇಳಿ, ಪೂರ್ಣಗೊಂಡ ಪ್ರಮಾಣಪತ್ರದ ಪ್ರತಿ ಪಡೆಯಿರಿ. ಅಂಥ ಪ್ರಮಾಣಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರು, ಬ್ಯಾಂಕ್ ಸಾಲ ಕೊಡಬಾರದೆಂಬ ಕಟ್ಟುನಿಟ್ಟಿನ ನಿರ್ದೇಶನ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನಿಂದ ಬಂದಿದೆ. ಹಳೆಯ ಫ್ಲಾಟಿನ ಕ್ರಯಪತ್ರದಲ್ಲಿ ಜಾಗದ ಅವಿಭಜಿತ ಪಾಲು ಎಷ್ಟೆಂದು ಬರೆದಿರಬೇಕು; ಕಟ್ಟಡಕ್ಕೆ ವಯಸ್ಸಾದಂತೆ ಬೆಲೆ ಉಳಿಯುವುದು ಆ ಪಾಲಿನಲ್ಲಿ. ಹೊಸ ಯೋಜನೆಯಾದರೆ ಜಾಗ 500 ಚದರ ಮೀಟರ್ ಮೀರಿದ್ದರೂ ಮನೆಗಳು ಎಂಟಕ್ಕಿಂತ ಹೆಚ್ಚಿದ್ದರೂ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ. ಮಾರಾಟದ ಒಪ್ಪಂದ ನೋಂದಣಿಯಾಗದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಕೇಳುವಂತಿಲ್ಲ, ಕಟ್ಟಡದ ರಚನೆಯ ದೋಷಕ್ಕೆ ಐದು ವರ್ಷ ಬಿಲ್ಡರ್ ಹೊಣೆ.

ಇಷ್ಟನ್ನೂ ನೀವೇ ಗೊತ್ತುಮಾಡಿದ ವಕೀಲರಿಂದ ಪರಿಶೀಲಿಸಿ ಲಿಖಿತ ಅಭಿಪ್ರಾಯ ಪಡೆಯಿರಿ. ಮಾರುವವರ ವಕೀಲರು ಮಾರುವವರ ಕೆಲಸ ಮಾಡುತ್ತಾರೆ, ಬ್ಯಾಂಕಿನ ವಕೀಲರು ಬ್ಯಾಂಕಿನ ಸಾಲಕ್ಕೆ ಭದ್ರತೆ ನೋಡುತ್ತಾರೆ. ಸೀಮಿತ ಹಣದಲ್ಲಿ ಉಳಿತಾಯ ಮಾಡಬಾರದ ಜಾಗವೆಂದರೆ ಈ ಶುಲ್ಕವೇ.

ಬೆಲೆ ಮಾತಾಡಿ ಮುಗಿಸುವುದು

ನೋಡಿದ ಕೊರತೆಗಳ ಪಟ್ಟಿ, ಪ್ರತಿಯೊಂದರ ರಿಪೇರಿಗೆ ಮೇಸ್ತ್ರಿ ಹೇಳಿದ ಮೊತ್ತ, ಇವೆರಡನ್ನು ಕೈಯಲ್ಲಿ ಹಿಡಿದು ಬೆಲೆ ಮಾತಾಡಿ. "ಸ್ವಲ್ಪ ಕಡಿಮೆ ಮಾಡಿ" ಎಂದು ಕೇಳುವುದಕ್ಕಿಂತ ಇದು ಗೌರವದ ಮತ್ತು ಫಲ ಕೊಡುವ ದಾರಿ. ಬೆಲೆಯ ಒಂದು ಭಾಗವನ್ನು ನಗದಾಗಿ ಕೊಟ್ಟು ಕಾಗದದಲ್ಲಿ ಕಡಿಮೆ ತೋರಿಸೋಣ ಎಂದರೆ ಒಪ್ಪಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವಂತಿಲ್ಲ. ಅದಲ್ಲದೆ ಕಾಗದದ ಬೆಲೆ ಇಳಿದಷ್ಟೂ ನಿಮಗೆ ಸಿಗುವ ಸಾಲವೂ ಇಳಿಯುತ್ತದೆ. ಒಪ್ಪಂದದಲ್ಲಿ ಮುಂಗಡದ ಮೊತ್ತ, ಬಾಕಿ ಕೊಡಬೇಕಾದ ದಿನಾಂಕ, ದಾಖಲೆಯಲ್ಲಿ ದೋಷ ಕಂಡುಬಂದರೆ ಅಥವಾ ಸಾಲ ಮಂಜೂರಾಗದಿದ್ದರೆ ಮುಂಗಡ ಹಿಂತಿರುಗಿಸುವ ಷರತ್ತು ಮೂರೂ ಇರಲಿ.

ನೋಂದಣಿಯ ದಿನ ಮೂಲ ದಾಖಲೆಗಳೆಲ್ಲವನ್ನೂ, ಹಿಂದಿನ ಕ್ರಯಪತ್ರಗಳೂ ಸೇರಿದಂತೆ, ಪಟ್ಟಿ ಮಾಡಿ ಸಹಿ ಹಾಕಿಸಿ ಪಡೆದುಕೊಳ್ಳಿ. ಸಾಲವಿದ್ದರೆ ಅವು ಬ್ಯಾಂಕಿಗೆ ಹೋಗುತ್ತವೆ, ದೃಢೀಕೃತ ಪ್ರತಿಯೊಂದು ನಿಮ್ಮಲ್ಲಿರಲಿ. ಮಾರುವವರ ಹಳೆಯ ಮನೆ ತೆರಿಗೆ, ನೀರಿನ ಬಿಲ್, ಅಸೋಸಿಯೇಶನ್ ಬಾಕಿ ತೀರಿದ ರಶೀದಿಗಳನ್ನು ಅಂದೇ ಕೇಳಿ ಪಡೆಯಿರಿ. ನಂತರ ಖಾತೆ ಬದಲಾವಣೆಗೆ ಅರ್ಜಿ ಹಾಕಿ, ಮೆಸ್ಕಾಂ ಕಚೇರಿಯಲ್ಲಿ ಮೀಟರನ್ನು ನಿಮ್ಮ ಹೆಸರಿಗೆ ಮಾಡಿಸಿ, ಆ ಸಂಪರ್ಕದ ಆರ್.ಆರ್. ಸಂಖ್ಯೆಗೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಹಿಂದಿನವರ ಆಧಾರ್ ಜೋಡಣೆಯಿದ್ದರೆ ಅದನ್ನು ತೆಗೆಸಿ ನಿಮ್ಮದನ್ನು ಜೋಡಿಸಿಕೊಳ್ಳಿ.